ಹತ್ತಕ್ಕೆ ಒಂಬತ್ತು

ಆಸ್ಪತ್ರೆಯ ಲಿಫ್ಟಿಗೆ ಕಾಯುತ್ತಿದ್ದ ಎಲೆಕ್ಟ್ರಿಷಿಯನ್‌ನ ಕಿವಿಗೆ, ಮುಂದೆ ನಿಂತಿದ್ದ ಇಬ್ಬರು ನರ್ಸ್‌ಗಳ ಮಾತು ಬಿತ್ತು. ಮೊದಲು ಬಾಯಿ ತೆರೆದವಳು ಚಿಕ್ಕವಳು.

"ನೋವು ಹತ್ತಕ್ಕೆ ಎಷ್ಟು ಅಂತ ಕೇಳಿದೆ ಅಕ್ಕಾ. ಹೊಟ್ಟೆನೋವು ಅಂತ ಬಂದಿದ್ದ ಆಯಮ್ಮ ಒಂಬತ್ತು ಅಂದ್ಲು. ನಾನು ನಾಲ್ಕು ಅಂತ ಬರೆದೆ."

"ಯಾಕೇ?"

"ಆ ಜನಾಂಗದೋರೇ ಹಾಗೆ, ಮುಳ್ಳು ಚುಚ್ಚಿದ್ರೂ ಊರು ಒಂದು ಮಾಡ್ತಾರೆ ಅಂತ ನೀವೇ ಹೇಳಿದ್ರಲ್ಲ."

"ತಮಾಷೆಗೆ ಅಂದಿದ್ದು ಕಣೇ."

"ಆರು ಗಂಟೆ ಬೆಂಚಿನ ಮೇಲೆ ಕೂರಿಸಿದ್ವಿ. ಅಪೆಂಡಿಕ್ಸ್ ಒಡೆದುಹೋಯ್ತು."

"ಆಪರೇಷನ್ ಆಯ್ತಲ್ಲ, ಈಗ ಹೇಗಿದ್ದಾಳೆ?"

"ಬದುಕಿದ್ದಾಳೆ. ಈಗ ನೋವು ಎಷ್ಟು ಅಂದ್ರೆ, ಹಲ್ಲು ಕಚ್ಚಿಕೊಂಡು ಎರಡೇ ಅಂತಾಳೆ."



"ನಾಲ್ಕು ಅಂತ ಬರೆದಿದ್ದು ಡಾಕ್ಟರಿಗೆ ಹೇಳಿದ್ಯಾ?"

"ಮುಖ ಎತ್ತೋಕೆ ಆಗ್ತಿಲ್ಲ."

"ಹೇಳಿಕೊಟ್ಟವಳು ನಾನು. ನಡಿ, ಮೊದಲು ನಾನೇ ಹೇಳ್ತೀನಿ."

ಲಿಫ್ಟ್ ಬಂತು. ಇಬ್ಬರೂ ಒಳಗೆ ಹೋದರು. ಜಾಗವಿದ್ದರೂ, ಅವರ ಜೊತೆ ನಿಲ್ಲಲು ಮನಸ್ಸಾಗದೆ ಎಲೆಕ್ಟ್ರಿಷಿಯನ್ ಹತ್ತಲಿಲ್ಲ.