ಹಿಂದಿನ ಶೆಡ್ಡಿನ ಸದ್ದು

ವೇದಿಕೆಯ ಮೇಲಿರುವ ಅಧ್ಯಕ್ಷೆ ಗಿರಿಜಾಂಬಾ ಅವರೇ, ಹಾರ ಹಾಕಿಸಿಕೊಂಡು ಕೂತಿರುವ ಅತಿಥಿಗಳೇ, ಚಾಮರಾಜಪೇಟೆಯ ನಮ್ಮ ಭಜನಾ ಮಂಡಳಿಯ ಅಕ್ಕತಂಗಿಯರೇ, ಬರೀ ಊಟಕ್ಕೆ ಬಂದಿದ್ದರೂ ಪರವಾಗಿಲ್ಲ, ಸಭಿಕರೇ,

ಈ ಎರಡು ಸಾವಿರದ ಮೂರರ ವಾರ್ಷಿಕೋತ್ಸವದಲ್ಲಿ ಕಾರ್ಯದರ್ಶಿಯಾಗಿ ನಾನೊಂದು ಠರಾವು ಓದಬೇಕು. ನಮ್ಮ ಭವನದ ಹಿಂದಿನ ಶೆಡ್ಡಿನಲ್ಲಿರುವ ರಾಕ್ ಬ್ಯಾಂಡಿನವರನ್ನು ಖಾಲಿ ಮಾಡಿಸಬೇಕೆಂಬ ಠರಾವು. ಬರೆದವಳೂ ನಾನೇ. ಆದರೆ ಓದಲು ಬಾಯಿ ಬರುತ್ತಿಲ್ಲ. ಹಳ್ಳಿ ಶಾಲೆಯಲ್ಲಿ ಓದಿದ ನನಗೆ ಸುತ್ತಿಬಳಸಿ ಮಾತಾಡಲು ಬಾರದು, ಇದ್ದದ್ದು ಹೇಳಿಬಿಡುತ್ತೇನೆ.

ಆ ಬ್ಯಾಂಡಿನವರು ಯಾರೆಂದು ನಮ್ಮಲ್ಲಿ ಯಾರಿಗಾದರೂ ಗೊತ್ತೇ? ಶೆಡ್ಡು ಬಾಡಿಗೆಗೆ ಹಿಡಿದವನು ಮೈಕ್ ಸೆಟ್ಟಿನ ಮುರುಗೇಶ. ಬಾರಿಸುವವರು ಮಾತ್ರ ತಲೆಗೆ ಗೋಣಿಚೀಲ ಕವುಚಿಕೊಂಡೇ ಬಾರಿಸುತ್ತಾರೆ. ಮುಖ ಯಾರಿಗೂ ತೋರಿಸುವುದಿಲ್ಲವಂತೆ. ಅವರು ಬಂದ ಹೊಸತರಲ್ಲಿ ಪಾತ್ರೆ ಅಂಗಡಿಯ ಅಟ್ಟ ಕುಸಿದಂಥ ಸದ್ದು. ನಮ್ಮ ಮಹಾನಂದಮ್ಮ, ಯಾರೋ ಬೋರ್‌ವೆಲ್ ಕೊರೆಯುತ್ತಿದ್ದಾರೆಂದುಕೊಂಡು ಬಿಂದಿಗೆ ಹಿಡಿದು ಹೋಗಿದ್ದರು. ನಗಬೇಡಿ, ಹಿಂದೆಯೇ ನಾನೂ ಹೋಗಿದ್ದೆ.

ಬರಬರುತ್ತ ಸದ್ದು ಬದಲಾಯಿತು. ಕಿರುಚುತ್ತಿದ್ದ ಗಿಟಾರು ಜೀರುಂಡೆಯ ಹಾಗೆ ಒಂದೇ ಸಮ ಎಳೆಯತೊಡಗಿತು. ಕಳೆದ ವರ್ಷದಿಂದ ಅದರಡಿಗೆ ಗುಂಯ್ ಎನ್ನುವ ಒಂದು ನಾದ ಸೇರಿಕೊಂಡಿತು. ಇಲ್ಲಿ ಹರಿವಾಣದಲ್ಲಿಟ್ಟ ಗಂಟೆ ತಾನಾಗಿ ನಡುಗುತ್ತಿತ್ತು. ದೇವರ ಮುಂದೆ ಹೀಗಾಗಬಹುದೇ? ಠರಾವು ಬರೆದೆ.

ಕಳೆದ ಶನಿವಾರ ಮಧ್ಯಾಹ್ನ ಅದರ ಪ್ರತಿ ಕೊಡಲು ಶೆಡ್ಡಿಗೆ ಹೋದೆ. ಸದ್ದು ತಡೆಯಲು ಗೋಡೆಗೆಲ್ಲ ಹಳೆಯ ಹಾಸಿಗೆ. ಮೂಲೆಯಲ್ಲಿ ಒಂದು ಗೋಣಿಚೀಲ ಮೃದಂಗ ಇಟ್ಟುಕೊಂಡು ಕೂತಿತ್ತು. ಒದ್ದೆ ರವೆಯನ್ನು ಮೃದಂಗದ ಎಡಮುಖಕ್ಕೆ ಮೆತ್ತಿತು. ಅದನ್ನು ಎಲ್ಲ ಮೃದಂಗದವರೂ ಮಾಡುತ್ತಾರೆ. ಆದರೆ ಮಿಕ್ಕ ರವೆಯನ್ನು ಎಡ ಮೊಣಕಾಲಿನ ಪಂಚೆಗೆ ಒರೆಸಿಕೊಂಡಿತು. ಮದುವೆಯಾದಾಗಿನಿಂದ ಆ ಕಲೆ ಒಗೆದವಳು ನಾನು!

ನಮ್ಮ ಯಜಮಾನರು! ಅಷ್ಟು ವರ್ಷ ನಮ್ಮ ಭಜನೆಗೆ ನುಡಿಸಿ, ತೋಳು ನೋವೆಂದು ಕೈಬಿಟ್ಟವರು. ಪ್ರತಿ ಶನಿವಾರ ಗೆಳೆಯ ವಾದಿರಾಜರ ಮನೆಗೆ ಹೋಗಿಬರುತ್ತೇನೆ ಎನ್ನುತ್ತಿದ್ದವರು.

"ಏನ್ರೀ ಇದು!" ಎಂದು ಕೂಗಿದೆ. ತಿರುಗಲಿಲ್ಲ. ಮತ್ತೆ ಕೂಗಿದೆ. ಗಿಟಾರು ಹಿಡಿದಿದ್ದ ಚೀಲವೊಂದು ಮುಸುಕು ತೆಗೆಯಿತು. ನೋಡಿದರೆ ಯಶೋಧರಾ ಅಂತ ಒಬ್ಬಳು ಹುಡುಗಿ. "ಆಂಟಿ, ಅಂಕಲ್‌ಗೆ ಕಿವಿ ಕೇಳ್ಸಲ್ಲ. ನಿಮಗೆ ಗೊತ್ತಿಲ್ವಾ? ಅವ್ರು ಬಂದ್ಮೇಲೇ ನಮ್ ಸೌಂಡು ಇಷ್ಟು ಆಳ ಆಗಿದ್ದು."

ರಾಯರ ಆಣೆಗೂ ನನಗೆ ಗೊತ್ತಿರಲಿಲ್ಲ. ನಾನು ಆಡಿದ್ದಕ್ಕೆಲ್ಲ 'ಹೂಂ' ಅನ್ನುತ್ತಿದ್ದರಲ್ಲ? ಹಾಗಾದರೆ ಇಷ್ಟು ದಿನ ನಾನು ಮಾತಾಡಿದ್ದು ಯಾರ ಜೊತೆ? ದೇವರೇ, ಯಾರ ಜೊತೆ?

ಅಷ್ಟರಲ್ಲಿ ಯಜಮಾನರು ತಿರುಗಿ, ನನ್ನ ಮುಖವನ್ನೂ ಕೈಯಲ್ಲಿದ್ದ ಠರಾವನ್ನೂ ನೋಡಿ ಚೀಲ ತೆಗೆದರು. "ನಿಮ್ಮ ಭಜನೇಲಿ ಬರೀ ಬಾಯಿ ಅಲ್ಲಾಡೋದು ಕಾಣ್ಸತ್ತೆ ಕಣೇ. ಇಲ್ಲಿ ನೆಲ ನಡುಗತ್ತೆ, ಎದೇಲಿ ಕೇಳ್ಸತ್ತೆ. ಇದನ್ನೂ ನಿಲ್ಲಿಸ್ಬಿಡ್ತೀಯಾ?"

ಅದು ಸಂಗೀತವೋ ಅಲ್ಲವೋ ನಾನರಿಯೆ. ನನಗೆ ಇವತ್ತಿಗೂ ಅದರಿಂದ ತಲೆನೋವೇ. ಆದರೆ ಈ ಠರಾವು ನಾನು ಓದಲಾರೆ. ಓದಲೇಬೇಕೆಂದರೆ ಅಧ್ಯಕ್ಷರು ಓದಲಿ, ಅದಕ್ಕೆ ಮುಂಚೆ ಕೊನೆಯ ಸಾಲಿನ ಕುರ್ಚಿಯನ್ನೊಮ್ಮೆ ನೋಡಲಿ. ಅಲ್ಲೇ ಕೂತಿದ್ದಾರೆ. ನನ್ನ ಮಾತು ಒಂದಕ್ಷರ ಕೇಳಿಸಿಲ್ಲ, ಆದರೂ ತಲೆಯಾಡಿಸುತ್ತಿದ್ದಾರೆ, ನೋಡಿ.

ಇಷ್ಟು ಹೊತ್ತು ಊಟ ತಡವಾದರೂ ಕೇಳಿದಿರಿ, ನಿಮಗೆಲ್ಲ ನನ್ನ ವಂದನೆ. ಚಪ್ಪಾಳೆ ತಟ್ಟುವುದಾದರೆ ಜೊತೆಗೆ ಪಾದದಿಂದ ನೆಲವನ್ನೂ ಬಡಿಯಿರಿ. ಅವರಿಗೂ ಕೇಳಲಿ. ನಮಸ್ಕಾರ.