ಹೆಬ್ಬೆರಳು ಕೂತ ಜಾಗ

ಈ ಸಭೆಯ ಅಧ್ಯಕ್ಷತೆ ವಹಿಸಿರುವ, ನಮ್ಮ ಕೃಷಿ ಉಪಕರಣ ತಯಾರಕರ ಸಂಘದ ಹಿರಿಯರಾದ ಶ್ರೀ ಸಂಗನಬಸವ ಅವರೇ, ಮುಖ್ಯ ಅತಿಥಿಗಳಾಗಿ ಬಂದಿರುವ, ಡಿಪ್ಲೊಮಾದಲ್ಲಿ ನನಗೆ ಪಾಠ ಹೇಳಿದ ಶ್ರೀಮತಿ ವಿಶಾಖಾ ಮೇಡಂ ಅವರೇ, ನಾನು ಕೆಲಸ ಮಾಡುವ ಕಾರ್ಖಾನೆಯ ಮಾಲೀಕರಾದ ಶ್ರೀ ಗುರುಪಾದಯ್ಯನವರೇ, ತಿಕೋಟಾ, ಬಬಲೇಶ್ವರದ ಕಡೆಯಿಂದ ತೋಟದ ಕೆಲಸ ಬಿಟ್ಟು ಬಂದಿರುವ ದ್ರಾಕ್ಷಿ ಬೆಳೆಗಾರರೇ, ನನ್ನ ಸಹೋದ್ಯೋಗಿಗಳೇ, ಮತ್ತು ಈ ಬಿಸಿಲಲ್ಲಿ ಬಂದು ಎರಡೇ ಎರಡು ಫ್ಯಾನುಗಳ ಕೆಳಗೆ ಜಾಗ ಹಂಚಿಕೊಂಡು ಕುಳಿತಿರುವ ಸಭಿಕರೇ, ಎಲ್ಲರಿಗೂ ಶರಣು.

ಈಗಷ್ಟೇ ನನಗೆ ಶಾಲು ಹೊದಿಸಿದಿರಿ. ವಿಜಯಪುರದ ಏಪ್ರಿಲ್ ತಿಂಗಳಲ್ಲಿ ಉಣ್ಣೆಯ ಶಾಲು ಹೊತ್ತುಕೊಂಡು ನಿಂತು ಮಾತನಾಡುವುದೇ ಒಂದು ಸಾಧನೆ ಎಂದು ನನ್ನ ಭಾವನೆ. ಸನ್ಮಾನ ಅದಕ್ಕೇ ಇರಬಹುದು. ಪೇಪರಿನವರು ಮೊನ್ನೆ ನನ್ನ ಫೋಟೋದ ಕೆಳಗೆ 'ಚೂರಿ ಕಸ್ತೂರಿ' ಎಂದು ಹಾಕಿದರು. ಅಂದಿನಿಂದ ಅಥಣಿ ರಸ್ತೆಯ ನಮ್ಮ ಓಣಿಯಲ್ಲಿ ಕಾಯಿಪಲ್ಯೆ ಮಾರುವವನು ನನಗೆ ತೂಕದಲ್ಲಿ ಮೋಸ ಮಾಡುವುದಿಲ್ಲ. ಈ ಉಪಕಾರಕ್ಕಾಗಿ ಪತ್ರಿಕೆಯವರಿಗೂ ನಾನು ಋಣಿ.

ಆಮಂತ್ರಣ ಪತ್ರಿಕೆಯ ಕೊನೆಯ ಸಾಲನ್ನು ತಾವು ಓದಿರಬಹುದು. ನನ್ನ ಮಾತು ಮುಗಿದ ಮೇಲೆ, ನಾನು ವಿನ್ಯಾಸ ಮಾಡಿದ ಹೊಸ ಚೂರಿಗೆ ಮಾದರಿಯಾದ ಹಳೆಯ ಚೂರಿಯನ್ನು ಸಂಘಕ್ಕೆ ಒಪ್ಪಿಸಬೇಕು. ಸಂಘದ ಕಚೇರಿಯಲ್ಲಿ ಅದಕ್ಕಾಗಿ ಗಾಜಿನ ಕಪಾಟು ಸಿದ್ಧವಾಗಿದೆ, ಒಳಗೆ ಸಣ್ಣ ದೀಪವನ್ನೂ ಹಾಕಿಸಿದ್ದಾರೆ. ಅಧ್ಯಕ್ಷರು ಕೇಳಿದಾಗ ನಾನು ಸಂತೋಷದಿಂದಲೇ ಒಪ್ಪಿಕೊಂಡೆ. ಇಗೋ, ಈ ಮೇಜಿನ ಮೇಲೆ ಟವೆಲಿನಲ್ಲಿ ಸುತ್ತಿಟ್ಟಿರುವುದೇ ಆ ಚೂರಿ. ಒಪ್ಪಿಸುವುದಕ್ಕೆ ಮುಂಚೆ, ಅದು ಹೊಸ ಚೂರಿಯಾದ ಬಗೆಯನ್ನು ನಾಲ್ಕು ಮಾತಿನಲ್ಲಿ ಹೇಳಬೇಕೆಂದು ವಿಶಾಖಾ ಮೇಡಂ ಅಪ್ಪಣೆ ಮಾಡಿದ್ದಾರೆ. ವಿದ್ಯಾರ್ಥಿಗಳಿಗೆ ಉಪಯೋಗವಾಗುತ್ತದಂತೆ. ಪ್ರಯತ್ನಿಸುತ್ತೇನೆ.

ಸಭಿಕರೇ, ಕುರಿ ಕಾಯುವವರ ಚೂರಿಯನ್ನು ನಿಮ್ಮಲ್ಲಿ ಎಷ್ಟು ಜನ ಹತ್ತಿರದಿಂದ ನೋಡಿದ್ದೀರಿ? ಮಡಚುವ ಚಾಕುವಲ್ಲ, ಅಡುಗೆ ಮನೆಯ ಚಾಕುವೂ ಅಲ್ಲ. ಅಲಗು ಒಂದು ಗೇಣಿಗಿಂತ ಸ್ವಲ್ಪ ಕಡಿಮೆ. ಬೆನ್ನು ದಪ್ಪ. ತುದಿ ಚೂಪಾಗಿರುವುದಿಲ್ಲ, ಕೆಳಗೆ ಬಾಗಿರುತ್ತದೆ, ಏಕೆಂದರೆ ಕಂಕುಳಲ್ಲಿ ಮರಿ ಎತ್ತಿಕೊಂಡಾಗ ಅದಕ್ಕೆ ಚುಚ್ಚಬಾರದು. ಲಾರಿಯ ಕಮಾನು ಪಟ್ಟಿಯನ್ನು ಕಾಯಿಸಿ ಬಡಿದು ಅಲಗು ಮಾಡುತ್ತಾರೆ, ಜಾಲಿ ಕಟ್ಟಿಗೆಯ ಹಿಡಿಕೆಗೆ ಅರಗು ಹಾಕಿ ಕೂರಿಸುತ್ತಾರೆ. ಕುರಿಗೆ ತಪ್ಪಲು ಸೊಪ್ಪು ಕಡಿಯಲು, ಹಗ್ಗ ಕೊಯ್ಯಲು, ಬೆಳೆದ ಗೊರಸು ಹೆರೆಯಲು, ಅಡವಿಯಲ್ಲಿ ಹುಟ್ಟಿದ ಮರಿಯ ಹೊಕ್ಕಳ ಬಳ್ಳಿ ಕತ್ತರಿಸಲು ಇದೊಂದೇ. ಮನುಷ್ಯ ಎಲ್ಲಿರುತ್ತಾನೋ ಚೂರಿಯೂ ಅವನ ಸೊಂಟದಲ್ಲಿ ಅಲ್ಲಿರುತ್ತದೆ.

ಈ ಚೂರಿ ಮಮದಾಪುರದ ಮಾಳುವಿನದು. ಮಾಳು ನನ್ನ ಸೋದರತ್ತೆ ಸಕ್ರವ್ವನ ಮಗ. ನನ್ನ ಗಂಡ.

ನಿಡೋಣಿಯಲ್ಲಿ ಹುಟ್ಟಿ, ಡಿಪ್ಲೊಮಾ ಓದಿದ ಹುಡುಗಿ ಕುರಿ ಕಾಯುವವನನ್ನು ಹೇಗೆ ಮದುವೆಯಾದಳು ಎಂದು ಕಾರ್ಖಾನೆಯಲ್ಲಿ ಬಹಳ ಜನ ಕೇಳಿದ್ದಾರೆ. ನನ್ನನ್ನು ಯಾರೂ ಒತ್ತಾಯ ಮಾಡಲಿಲ್ಲ. ನಾನೇ ಒಪ್ಪಿದೆ. ಅವನು ಶಾಲೆಗೆ ಹೆಚ್ಚು ಹೋದವನಲ್ಲ, ಆದರೆ ನಾನು ಕಂಪ್ಯೂಟರಿನಲ್ಲಿ ಬಿಡಿಸಿದ ಕುಡಗೋಲು, ಕುರಪಿಗಳ ಚಿತ್ರಗಳನ್ನು ಮನೆಗೆ ತಂದರೆ ಗಂಟೆಗಟ್ಟಲೆ ನೋಡುತ್ತಿದ್ದ. ಒಂದು ದಿನ ಕೇಳಿದ, "ಏ ಕಸ್ತೂರಿ, ಊರ ಮಂದೀದೆಲ್ಲಾ ಚಿತ್ರಾ ತಗೀತಿ, ನನ್ನ ಚೂರಿದೊಂದ ತಗದಿ ಏನ?" ನಾನು, "ನಿನ್ನ ಚೂರಿ ಯಾರ ತಗೊಳ್ತಾರೋ ಮಾರಾಯಾ" ಎಂದು ನಕ್ಕೆ. ಅವನೂ ನಕ್ಕ. "ಯಾರೂ ತಗೋಳೂದ ಬ್ಯಾಡ. ನೀ ತಗದ ನೋಡು, ಅಷ್ಟ," ಎಂದ.

ಅವನಿದ್ದಾಗ ತೆಗೆಯಲಿಲ್ಲ. ಬಬಲೇಶ್ವರದ ಆಚೆ, ಹೊತ್ತು ಮುಳುಗುವ ವೇಳೆಗೆ ಹಿಂಡನ್ನು ರಸ್ತೆ ದಾಟಿಸುವಾಗ ಲಾರಿ ಬಂತು. ಕುರಿಗಳೂ ಸತ್ತವು, ಅವನೂ ಸತ್ತ. ಸನ್ಮಾನದ ಸಭೆಯಲ್ಲಿ ಇದನ್ನು ಹೇಳಬಾರದಿತ್ತೇನೋ. ಆದರೆ ಹೇಳದಿದ್ದರೆ ಚೂರಿಯ ಕಥೆ ಮುಂದಕ್ಕೆ ಹೋಗುವುದಿಲ್ಲ.

ನಮ್ಮ ಮನೆತನದಲ್ಲಿ ಒಂದು ಪದ್ಧತಿ ಇದೆ. ಕುರಿ ಕಾಯ್ದವನನ್ನು ಹೂಳುವಾಗ ಅವನ ಕಂಬಳಿ, ಅವನ ಕೋಲು, ಅವನ ಚೂರಿ ಮೂರನ್ನೂ ಜೊತೆಗೆ ಇಡುತ್ತೇವೆ. ಮಾಳುವಿನ ಜೊತೆ ಕಂಬಳಿ ಹೋಯಿತು, ಕೋಲು ಹೋಯಿತು. ಚೂರಿ ಸಿಗಲಿಲ್ಲ. ಮಣ್ಣು ಮುಚ್ಚಿ ಎಲ್ಲರೂ ಮನೆಗೆ ಬಂದ ಮೇಲೆ, ಚೆದುರಿದ ಕುರಿ ಹುಡುಕಲು ಹೋದ ಜೊತೆಗಾರರಿಗೆ ಅದು ರಸ್ತೆ ಬದಿಯ ತಗ್ಗಿನಲ್ಲಿ ಸಿಕ್ಕಿತು. ತಂದು ನನ್ನ ಮುಂದೆ ಇಟ್ಟರು. ಮುಚ್ಚಿದ ಮಣ್ಣನ್ನು ಮತ್ತೆ ತೆಗೆಯುವಂತಿಲ್ಲ. ತಲೆಯ ಕಡೆ ಸಣ್ಣ ಕುಣಿ ತೋಡಿ ಅದರಲ್ಲಿ ಇಟ್ಟರಾಯಿತು ಎಂದು ಹಿರಿಯರು ಹೇಳಿದರು. ಅತ್ತೆ ನನ್ನ ಮುಂದೆ ಕೈ ಚಾಚಿದರು. ನಾನು ಕೊಡಲಿಲ್ಲ. "ಒಂದಿಷ್ಟ ದಿನಾ ಇರಲಿ ಅತ್ತಿ, ಇದರ ಚಿತ್ರಾ ತಗೀಬೇಕು, ಅವಾ ಕೇಳಿದ್ದ" ಎಂದೆ.

ಹೀಗೆ ಈ ವಿನ್ಯಾಸ ಆರಂಭವಾಯಿತು. ವಿದ್ಯಾರ್ಥಿಗಳು ಇಲ್ಲಿಂದ ಗಮನ ಕೊಡಬೇಕು.

ಮೊದಲ ಕೆಲಸ ಅಳತೆ. ಅಲಗಿನ ಉದ್ದ, ಬೆನ್ನಿನ ದಪ್ಪ, ತುದಿಯ ಬಾಗು, ಹಿಡಿಕೆಯ ಸುತ್ತಳತೆ. ಹಿಡಿಕೆಯಲ್ಲಿ ಹೆಬ್ಬೆರಳು ಕೂತು ಕೂತು ಒಂದು ಕುಳಿ ಬಿದ್ದಿತ್ತು. ಮೀಸೆ ಮೂಡುವ ಮುಂಚೆಯಿಂದ ಹಿಡಿದ ಚೂರಿ ಅದು. ಜಾಲಿಯಂಥ ಜಾಲಿ ಕಟ್ಟಿಗೆ ಬೆರಳಿಗೆ ಸವೆದಿತ್ತು. ಆ ಕುಳಿಯ ಆಳವನ್ನೂ ಅಳೆದೆ, ಇನ್ನೊಂದು ಮಗ್ಗುಲಿನಲ್ಲಿ ಉಳಿದ ಬೆರಳುಗಳ ಗುರುತನ್ನೂ ಅಳೆದೆ. ನಿಜ ಹೇಳಬೇಕೆಂದರೆ, ಕೈ ನೆಟ್ಟಗಿದ್ದವರಿಗೆ ಇದೆಲ್ಲ ಒಂದು ಮಧ್ಯಾಹ್ನದ ಕೆಲಸ. ನಾನು ಮಮದಾಪುರಕ್ಕೆ ಹೋದಾಗಲೆಲ್ಲ ಅತ್ತೆ ಕೇಳುತ್ತಿದ್ದರು, "ಅಳತಿ ಮುಗೀತೇನವಾ?" ನಾನು ಇಲ್ಲ ಅನ್ನುತ್ತಿದ್ದೆ. ದೀಪಾವಳಿಗೂ ಇಲ್ಲ ಅಂದೆ, ಯುಗಾದಿಗೂ ಇಲ್ಲ ಅಂದೆ. ಅದು ಹಾಗಿರಲಿ.

ಎರಡನೆಯದು, ಯಾವುದನ್ನು ಉಳಿಸಬೇಕು, ಯಾವುದನ್ನು ಬದಲಿಸಬೇಕು ಎಂಬ ತೀರ್ಮಾನ. ಅರಗು ಬಿಸಿಲಿಗೆ ಸಡಿಲವಾಗುತ್ತದೆ, ಆದ್ದರಿಂದ ಅಲಗಿನ ಉಕ್ಕನ್ನೇ ಹಿಡಿಕೆಯ ಕೊನೆಯವರೆಗೆ ಒಂದೇ ತುಂಡಾಗಿ ಒಯ್ದೆ. ಕಟ್ಟಿಗೆ ಬೆವರಿಗೆ ಸೀಳುತ್ತದೆ, ಎರಡು ಮಗ್ಗುಲಿಗೂ ಗಟ್ಟಿ ಫೈಬರಿನ ಹೋಳು ಇಟ್ಟು ರಿವೆಟ್ ಹೊಡೆಸಿದೆ. ತುಕ್ಕು ಹಿಡಿಯದ ಉಕ್ಕು ಆರಿಸಿದೆ. ತುದಿಯ ಬಾಗನ್ನು ಮಾತ್ರ ಮುಟ್ಟಲಿಲ್ಲ. ಚೂಪು ಮಾಡಿದರೆ ಹೆಚ್ಚು ಮಾರಾಟವಾಗುತ್ತದೆ ಎಂದು ಗುರುಪಾದಯ್ಯನವರು ಅಂದರು. ನಾನು ಬೇಡವೆಂದೆ, ಅವರು ಆಯಿತೆಂದು ಚಿತ್ರಕ್ಕೆ ಸಹಿ ಹಾಕಿದರು. ಮಾಲೀಕರು ಇಷ್ಟು ಬೇಗ ಒಪ್ಪುವುದನ್ನು ಕಾರ್ಖಾನೆಯಲ್ಲಿ ಯಾರೂ ನೋಡಿರಲಿಲ್ಲ. ವಿಧವೆಯ ಮುಖ ನೋಡಿ ಒಪ್ಪಿದರೋ, ವಿನ್ಯಾಸ ನೋಡಿ ಒಪ್ಪಿದರೋ, ನಾನು ಈವರೆಗೆ ಕೇಳಿಲ್ಲ.

ಮೊದಲ ಸರಕು, ಬಳ್ಳಿ ಕಟ್ಟುವ ಹಗ್ಗ ಕೊಯ್ಯಲೆಂದು, ತಿಕೋಟಾದ ದ್ರಾಕ್ಷಿ ತೋಟಗಳಿಗೆ ಹೋಯಿತು. ಹೋದಷ್ಟೇ ವೇಗದಲ್ಲಿ ವಾಪಸ್ಸು ಬಂತು. ಬೆಳೆಗಾರರಾದ ಸಿದ್ದರಾಮ ಅವರು ಇಲ್ಲಿಯೇ ಮುಂದಿನ ಸಾಲಿನಲ್ಲಿದ್ದಾರೆ, ನಗುತ್ತಿದ್ದಾರೆ. ಅಂದು ಅವರು ನಗುತ್ತಿರಲಿಲ್ಲ. ಚೂರಿಗಳ ಚೀಲವನ್ನು ನನ್ನ ಮೇಜಿನ ಮೇಲೆ ಇಟ್ಟು, "ಅಕ್ಕಾರ, ಉಕ್ಕು ಛಲೋ ಐತ್ರಿ, ಇಲ್ಲನ್ನಂಗಿಲ್ಲ. ಆದ್ರ ಇದು ಕೈಯಾಗ ಕುಂಡ್ರಂಗಿಲ್ರಿ. ಹಗ್ಗ ಕೊಯ್ಯಾಕ ಹೋದ್ರ ಒಂದ ಕಡೆ ವಾಲತೈತಿ" ಎಂದರು. ನಾನು ಹಿಡಿದು ನೋಡಿದೆ. ನನ್ನ ಕೈಯಲ್ಲೂ ಕೂರಲಿಲ್ಲ. ಮೊದಲೂ ಕೂತಿರಲಿಲ್ಲ. ಪ್ರತಿ ಸಲವೂ ನನ್ನ ಕೈಯೇ ಸರಿಯಿಲ್ಲ ಎಂದು ನಾನು ತಿಳಿದಿದ್ದೆ.

ಪಕ್ಕದ ಮೇಜಿನ ಸುಫಿಯಾನ ಎದ್ದು ಬಂದ. ಚೂರಿಯನ್ನು ಆ ಕೈಯಿಂದ ಈ ಕೈಗೆ ಬದಲಿಸಿದ. ಎಡಗೈಯಲ್ಲಿ ಅದು ಹೇಳಿ ಮಾಡಿಸಿದ ಹಾಗೆ ಕೂತಿತು. "ಮೇಡಂ," ಎಂದ, ಬಹಳ ಮೆಲ್ಲಗೆ, "ನೀವು ಎಡಚರ ಚೂರಿ ಮಾಡೀರಿ."

ಸಭಿಕರೇ, ನಗಬೇಕೆನ್ನಿಸಿದರೆ ನಗಬಹುದು. ನಾವೂ ಅಂದು ನಕ್ಕೆವು. ಕುಳಿ ಇದ್ದದ್ದು ಬಲ ಮಗ್ಗುಲಿಗೆ, ಎಡಗೈಯ ಹೆಬ್ಬೆರಳು ಕೂರುವ ಕಡೆ. ಕಲ್ಲಿಗೆ ಉಜ್ಜಿ ಉಜ್ಜಿ ಅಲಗಿನ ಇಳಿಜಾರು ಕೂಡ ಒಂದೇ ಮಗ್ಗುಲಿಗೆ ಸವೆದಿತ್ತು. ನಾನು ಎರಡನ್ನೂ ಕೂದಲೆಳೆ ತಪ್ಪದೆ ಅಳೆದು, ಹಾಗೆಯೇ ಬಿಡಿಸಿದ್ದೆ. ಡಿಪ್ಲೊಮಾದ ಮೊದಲ ವರ್ಷದ ಹುಡುಗರಿಗೂ ಕಾಣುವಂಥ ತಪ್ಪು. ನಿಮಗೆ ಕಾಣಲಿಲ್ಲವೇ ಎಂದು ಎಲ್ಲರೂ ಕೇಳಿದರು. ಹೇಗೆ ಕಾಣಬೇಕು? ಮಾಳು ಊಟ ಮಾಡುತ್ತಿದ್ದದ್ದು ಬಲಗೈಯಲ್ಲಿ, ನಮಸ್ಕಾರಕ್ಕೆ ಮೊದಲು ಮೇಲೇಳುತ್ತಿದ್ದದ್ದು ಬಲಗೈ, ಮರಿಯನ್ನು ಎತ್ತಿಕೊಳ್ಳುತ್ತಿದ್ದದ್ದೂ ಬಲ ಕಂಕುಳಲ್ಲಿ. ಚೂರಿ ಮಾತ್ರ ಎಡಗೈಗೆ. ಸಂಸಾರ ಮಾಡಿದಷ್ಟು ದಿನವೂ ನಾನು ಅದನ್ನೇ ನೋಡಿದ್ದೆ. ನನ್ನ ಕಣ್ಣಿಗೆ ಚೂರಿ ಹಿಡಿಯುವ ಕೈ ಎಂದರೆ ಎಡಗೈ. ಬೇರೆ ಕೈಯೂ ಅದನ್ನು ಹಿಡಿಯಬಹುದು ಎಂಬುದು ನನಗೆ ಹೊಳೆಯಲೇ ಇಲ್ಲ.

ಮುಂದಿನದು ತಮಗೆ ಗೊತ್ತಿದೆ. ಸುಫಿಯಾನ ಮತ್ತು ನಾನು ಕೂತು ತಿದ್ದಿದೆವು. ಹೆಚ್ಚು ತಿದ್ದಿದವನು ಸುಫಿಯಾನನೇ, ನನಗೆ ಆ ಕುಳಿಯನ್ನು ಅಳಿಸುವ ಬಟನ್ ಒತ್ತಲು ಆಗಲಿಲ್ಲ. ಅವನು ಒತ್ತಿದ. ಹಿಡಿಕೆ ಎರಡು ಮಗ್ಗುಲಿಗೂ ಒಂದೇ ಸಮವಾಯಿತು, ಅಲಗಿನ ಇಳಿಜಾರು ಎರಡೂ ಕಡೆ ಹಂಚಿಹೋಯಿತು. ತಿದ್ದಿದ ಚೂರಿ ಯಾರು ಹಿಡಿದರೂ ಹೊಂದಿತು. ವಾಪಸ್ಸು ಬಂದವುಗಳ ಹಿಡಿಕೆ ಕಿತ್ತು, ಅಲಗುಗಳನ್ನು ಹೊಸದಾಗಿ ಮಸೆದರು. ಒಂದನ್ನು ನನಗೆ ಎತ್ತಿಡಿ ಎಂದು ಹೇಳಬೇಕೆಂದುಕೊಂಡಿದ್ದೆ. ಕೆಳಗಿನ ಶೆಡ್ಡಿಗೆ ಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅದು ಯಾರ ತಪ್ಪೂ ಅಲ್ಲ, ಕಾರ್ಖಾನೆಯ ಕೆಲಸ ನಡೆಯುವುದೇ ಹಾಗೆ.

ಆದ್ದರಿಂದ ತಾವು ಇಂದು ಸನ್ಮಾನಿಸಿದ ಚೂರಿಯಲ್ಲಿ ಮಾಳುವಿನದು ಎನ್ನುವಂಥದ್ದು ತುದಿಯ ಬಾಗು ಒಂದೇ, ಅದೂ ಊರಿನ ಎಲ್ಲ ಚೂರಿಗಳಲ್ಲಿ ಇರುವಂಥದ್ದೇ. ಅವನ ಹೆಬ್ಬೆರಳು ಕೂತ ಜಾಗ ಉಳಿದಿರುವುದು ಈ ಟವೆಲಿನ ಒಳಗೆ ಮಾತ್ರ. ರಾತ್ರಿ ನಾನು ನನ್ನ ಹೆಬ್ಬೆರಳನ್ನು ಅದರಲ್ಲಿ ಇಟ್ಟುಕೊಂಡು ಮಲಗುತ್ತೇನೆ. ಇದನ್ನು ಹೇಳಬೇಕೆಂದು ಬರೆದುಕೊಂಡು ಬಂದಿರಲಿಲ್ಲ, ಬಾಯಿಗೆ ಬಂತು. ಕ್ಷಮಿಸಬೇಕು.

ಅಧ್ಯಕ್ಷರೇ, ಇನ್ನೊಂದು ಮಾತಿದೆ. ಆ ಕೊನೆಯ ಸಾಲಿನಲ್ಲಿ, ಬಾಗಿಲ ಪಕ್ಕದಲ್ಲಿ, ಸೆರಗು ಹೊದ್ದು ಕುಳಿತಿರುವವರು ನನ್ನ ಅತ್ತೆ ಸಕ್ರವ್ವ. ಸ್ವಾಗತ ಭಾಷಣದಲ್ಲಿ ಅವರ ಹೆಸರು ಬರಲಿಲ್ಲ, ಅವರು ಬರುತ್ತಾರೆಂದು ನನಗೇ ಗೊತ್ತಿರಲಿಲ್ಲ. ಅವರು ನನ್ನೊಡನೆ ಮಾತು ಬಿಟ್ಟು ಬಹಳ ಕಾಲವಾಯಿತು. ಹೋದರೆ ರೊಟ್ಟಿ ಹಾಕುತ್ತಾರೆ, ಹಾಸಿಗೆ ಹಾಸುತ್ತಾರೆ, ಮಾತಿಲ್ಲ. ಕೊನೆಯ ಸಲ ಅವರು ಆಡಿದ ಮಾತು ಇದು: "ನನ್ನ ಮಗಾ ಬರಿಗೈಲೆ ಮಲಗ್ಯಾನ ಬೇ. ಅಲ್ಲಿ ಕುರಿಗೆ ತಪ್ಪಲಾ ಯಾತರಲೆ ಕಡೀತಾನ ಅಂವಾ?"

ಇಂದು ಮುಂಜಾನೆಯ ಬಸ್ಸಿಗೆ ಒಬ್ಬರೇ ಬಂದಿದ್ದಾರೆ. ಚೂರಿಯನ್ನು ಗಾಜಿನ ಕಪಾಟಿನಲ್ಲಿ ಇಡುತ್ತಾರಂತೆ ಎಂದು ಊರಿನಲ್ಲಿ ಯಾರೋ ಹೇಳಿದ್ದಾರೆ. ಗೇಟಿನ ಹತ್ತಿರ ನನ್ನ ಮುಂದೆ ನಿಂತರು. ಬೈಯುತ್ತಾರೆ ಎಂದುಕೊಂಡೆ, ಬೈಯಲಿಲ್ಲ. "ಕಸ್ತೂರಿ, ನಿನ್ನ ಕೆಲಸಾ ಮುಗೀತಲಾ. ಇನ್ನರೆ ಕೊಡ್ತೀಯೇನವಾ?" ಎಂದು ಕೇಳಿದರು. "ಕಾರ್ಯಕ್ರಮ ಮುಗೀಲಿ ಅತ್ತಿ" ಎಂದು ಹೇಳಿ ನಾನು ವೇದಿಕೆಗೆ ಬಂದೆ. ಏನು ಮಾಡಬೇಕೆಂದು ಆಗ ಗೊತ್ತಿರಲಿಲ್ಲ. ಅತ್ತೆಗೆ ಕೊಟ್ಟರೆ ಮಣ್ಣಿಗೆ ಹೋಗುತ್ತದೆ, ಗಾಜಿನ ಕಪಾಟಿನಲ್ಲಿ ಇಟ್ಟರೆ ವಾರಕ್ಕೊಮ್ಮೆ ಬಂದು ಗಾಜಿನ ಹೊರಗಿನಿಂದ ನಾನು ನೋಡಬಹುದಿತ್ತು. ಸಂಘಕ್ಕೆ ಒಪ್ಪಿಕೊಂಡದ್ದು ಸಂಘದ ಮೇಲಿನ ಅಭಿಮಾನದಿಂದಲ್ಲ, ಆ ಆಸೆಯಿಂದ.

ಆದರೆ ಅವರು ಹೆತ್ತವರು. ಮಗನನ್ನು ಬರಿಗೈಯಲ್ಲಿ ಕಳಿಸಿದ ಸಂಕಟ ಅವರದು. ನನ್ನ ಸಂಕಟ ಕಳೆಯಲು ಚೂರಿಯನ್ನು ಇಟ್ಟುಕೊಂಡು ನಾನು ಅವರ ಸಂಕಟದ ಹೊರೆ ಹೆಚ್ಚಿಸುತ್ತ ಬಂದೆ. ಅಧ್ಯಕ್ಷರೇ, ಗುರುಪಾದಯ್ಯನವರೇ, ಕಪಾಟಿನಲ್ಲಿ ಹೊಸ ಚೂರಿಯನ್ನೇ ಇಡಿ. ಅದು ಒಳ್ಳೆಯ ಚೂರಿ, ನಿಮ್ಮೆಲ್ಲರ ಕೈಗೂ ಹೊಂದುತ್ತದೆ. ಕೊಟ್ಟ ಮಾತಿಗೆ ತಪ್ಪುತ್ತಿದ್ದೇನೆ, ಅದಕ್ಕೆ ಈ ಶಾಲನ್ನು ಹಿಂದಕ್ಕೆ ಪಡೆದರೂ ಬೇಸರವಿಲ್ಲ. ಈ ಹಳೆಯದು ಇಂದು ಮಮದಾಪುರಕ್ಕೆ ಹೋಗುತ್ತದೆ, ನಾಳೆ ಮಣ್ಣಿಗೆ ಹೋಗುತ್ತದೆ. ಆಮೇಲೆ ನನ್ನ ಹತ್ತಿರ ಏನೂ ಉಳಿಯುವುದಿಲ್ಲ.

ನನ್ನ ಮೇಲೆ ವಿಶ್ವಾಸವಿಟ್ಟ ಸಂಘಕ್ಕೆ, ತಪ್ಪನ್ನು ಮೆಲ್ಲಗೆ ಹೇಳಿದ ಸುಫಿಯಾನನಿಗೆ, ಚೀಲ ಹೊತ್ತು ಬಂದು ಜಗಳ ಮಾಡದ ಸಿದ್ದರಾಮ ಅವರಿಗೆ, ಇಷ್ಟು ಹೊತ್ತು ಸುಮ್ಮನೆ ಕೇಳಿದ ತಮಗೆಲ್ಲರಿಗೂ ನಾನು ಕೃತಜ್ಞಳು. ಈಗ ಕೆಳಗಿಳಿದು ಕೊನೆಯ ಸಾಲಿಗೆ ಹೋಗುತ್ತೇನೆ. ಒಂದೇ ವಿನಂತಿ, ಫೋಟೋ ತೆಗೆಯಬೇಡಿ, ದಯವಿಟ್ಟು ಚಪ್ಪಾಳೆಯನ್ನೂ ತಟ್ಟಬೇಡಿ. ನಮ್ಮ ಅತ್ತೆ ಸನ್ಮಾನಕ್ಕೆ ಬಂದವರಲ್ಲ, ಮಗನ ಮಣ್ಣಿಗೆ ಬಂದವರು. ನಮಸ್ಕಾರ.