ತಮ್ಮನ ದನಿಯಲ್ಲಿ ಬಂದದ್ದು

ಆ ರಾತ್ರಿ ನಮ್ಮ ಟೈಲರ್ ಅಕ್ಕನ ತಮ್ಮ ಮರಗೆಲಸದ ಅಂಗಡಿ ಮುಚ್ಚಿ, ಹಾಳು ಬಾವಿ ಪಕ್ಕದ ದಾರಿ ಹಿಡಿದು ಮನೆಗೆ ಬರ್ತಿದ್ದ. ಬಾವಿ ಹತ್ತಿರ ಬಂದಾಗ ಮೈ ಗಡಗಡ ನಡುಗಿತು. ಹಣೆ ಮುಟ್ಟಿ ನೋಡ್ಕೊಂಡ... ಕೆಂಡ.

ಹಿಂದೆ ಯಾರೋ ಕೆಮ್ಮಿದ್ರು. ಖುಳ್... ಖುಳ್.

ತಿರುಗಿದ. ಯಾರೂ ಇಲ್ಲ. ಕೆಮ್ಮು ಮಾತ್ರ ಅವನ ಪಕ್ಕದಲ್ಲೇ ಹಾದು ಮುಂದೆ ಹೋಯ್ತು... ಮನೆ ಕಡೆಗೇ.

ಮನೆಯಲ್ಲಿದ್ದದ್ದು ಅಕ್ಕ ಒಬ್ಬಳೇ. ಅಕ್ಕನಿಗೆ ರಕ್ತದ ಕ್ಯಾನ್ಸರ್ ಆಗಿ, ಇವನದೇ ರಕ್ತದಿಂದ ತೆಗೆದ ಕಾಂಡಕೋಶ, ಅದೇ ಸ್ಟೆಮ್ ಸೆಲ್, ಹಾಕಿಸಿಕೊಂಡು ಮನೆಗೆ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಮೈಗೆ ರೋಗ ತಡೆಯೋ ಶಕ್ತಿ ಎಳೆಗೂಸಿನಷ್ಟು. ನಾವು ಕಷಾಯ ಕುಡಿದು ಮಲಗಿ ಏಳೋ ಫ್ಲೂ, ವಾರ್ಡಿನಲ್ಲಿ ಅವಳ ಪಕ್ಕದ ಹಾಸಿಗೆಯವಳ ಶ್ವಾಸಕೋಶಕ್ಕಿಳಿದು ಜೀವ ತೆಗೆದಿತ್ತು.

ನಿಂತಲ್ಲೇ ಫೋನ್ ಮಾಡಿ ಪಿಸುಗುಟ್ಟಿದ. "ಅಕ್ಕಾ, ನಂಗೆ ಜ್ವರ. ಅಂಗಡೀಲೇ ಮಲಗ್ತೀನಿ. ಯಾರು ಕರೆದ್ರೂ ಬಾಗಿಲು ತೆಗೀಬೇಡ."

ಫೋನ್ ಇಟ್ಟಳೋ ಇಲ್ಲವೋ... ಟಕ್. ಟಕ್.

"ಅಕ್ಕಾ... ನಾನೇ. ಚಳಿ. ತೆಗಿ."

ತಮ್ಮನದೇ ದನಿ. ಕೈ ತಾನಾಗೇ ಚಿಲಕಕ್ಕೆ ಹೋಯ್ತಂತೆ. ಹೊರಗೆ ಕೆಮ್ಮು... ಖುಳ್, ಖುಳ್. ಆಮೇಲೆ ಮೆಲ್ಲಗೆ,

"ನಿನ್ನ ಮೈಯಲ್ಲಿರೋದು ನನ್ನ ರಕ್ತ. ನನ್ನನ್ನೇ ಹೊರಗೆ ನಿಲ್ಲಿಸ್ತೀಯಾ?"

ಅಷ್ಟೇ. ಅಕ್ಕನಿಗೆ ಭಯ ಹೋಗಿ ಸಿಟ್ಟು ನೆತ್ತಿಗೇರಿತು.

"ಕೊಟ್ಟದ್ದನ್ನ ಎತ್ತಿ ಆಡೋನಲ್ಲ ನನ್ನ ತಮ್ಮ. ನೀನು ಯಾರಾದ್ರೂ ಆಗಿರು. ಅವನು ಉಳಿಸಿದ ಜೀವ ಇದು, ನಿನಗೆ ಬಿಟ್ಟುಕೊಡಲ್ಲ. ಕೆಮ್ಮು, ಬೆಳಗಾಗೋವರೆಗೂ ಕೆಮ್ಮು. ನಾನೂ ಎದ್ದಿರ್ತೀನಿ."

ಹೊಲಿಗೆ ಯಂತ್ರ ಎಳೆದುಕೊಂಡು ಬಾಗಿಲಿಗೆ ಮುಖ ಮಾಡಿ ಕೂತಳು. ಆಚೆ ಖುಳ್ ಅಂದರೆ ಈಚೆ ಕಟಕಟಕಟ. ಕಾಲು ಸೋತು ಬಂದರೂ ನಿಲ್ಲಿಸಲಿಲ್ಲ. ಯಾರದೋ ಶಾಲೆ ಸಮವಸ್ತ್ರ ಎರಡು ಜೊತೆ ಹೊಲಿದು ಮುಗಿಸಿದಳಂತೆ ಪುಣ್ಯಾತ್ಗಿತ್ತಿ. ಬೆಳಕು ಹರಿಯೋ ಹೊತ್ತಿಗೆ ಆಚೆ ಸದ್ದು ನಿಂತಿತ್ತು.

ತಮ್ಮನಿಗೆ ಬಂದದ್ದು ಫ್ಲೂ ಅಂತ ಪರೀಕ್ಷೆಯಲ್ಲಿ ಗೊತ್ತಾಯ್ತು. ಹಿಂದಿನ ದಿನ ಇಬ್ಬರೂ ಒಟ್ಟಿಗೆ ಊಟ ಮಾಡಿದ್ದರಿಂದ ಡಾಕ್ಟರು ಅಕ್ಕನಿಗೂ ಮುಂಜಾಗ್ರತೆಗೆ ಮಾತ್ರೆ ಶುರು ಮಾಡಿದರು. ಅವಳಿಗೆ ಒಂದು ಸೀನೂ ಬರಲಿಲ್ಲ. ಈಗಲೂ ಗಟ್ಟಿಯಾಗಿದ್ದಾಳೆ, ನಮ್ಮನ್ನೆಲ್ಲ ಬೈಯೋಷ್ಟು.

ನೀವು ನಂಬಿ, ಬಿಡಿ. ಆ ರಾತ್ರಿ ಕಳೆದ ಮಾರನೇ ದಿನ ನಡುಮಧ್ಯಾಹ್ನ ಅಕ್ಕನ ಮನೆಗೆ ನಾನೇ ಹೋಗಿದ್ದೆ. ಬಾಗಿಲಿನ ಗಾಜಿನ ಮೇಲೆ, ಹೊರಗಡೆಯಿಂದ, ಬಾಯಿಯ ಮಟ್ಟಕ್ಕೆ ಉಸಿರಿನ ಮಂಜು ಕಟ್ಟಿತ್ತು. ಸುಡುಬಿಸಿಲು ನೇರ ಅದರ ಮೇಲೇ ಬೀಳ್ತಿತ್ತು. ಒರೆಸಿದೆ... ಮತ್ತೆ ಕಟ್ಟಿತು.